ನಿದ್ದೆ ಆಗಿಲ್ವಾ?

ಊರು ಬಿಟ್ಟು ದೂರ ಇರುವ ನಮ್ಮಂಥವರಿಗೆ ಒಂದೇ ಪ್ರಶ್ನೆ ಎರಡು ದಿಕ್ಕಿನಿಂದ ಬರುತ್ತೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಮುಖ ಕಂಡ ಕೂಡಲೇ ಅಮ್ಮ, "ಯಾಕ್ ಮಗಾ, ಕಣ್ಣು ಹಿಂಗಾಗವೆ? ನಿದ್ದೆ ಮಾಡಲ್ವಾ ಸರಿಯಾಗಿ?" ಅಂತಾಳೆ. ಸೋಮವಾರ ಆಫೀಸಿನ ಕಾಫಿ ಮೆಷಿನ್ ಪಕ್ಕ ನಿಂತ ಸಹೋದ್ಯೋಗಿ "ಡು ಜೀಸ್ಟ್ ಮ್ಯೂಡೆ ಔಸ್" ಅಂತಾನೆ. ಸುಸ್ತಾದ ಹಾಗೆ ಕಾಣ್ತಿದ್ದೀಯ ಅಂತ ಅರ್ಥ. ಹಿಂದಿನ ರಾತ್ರಿ ಎಂಟು ಗಂಟೆ ಗಡದ್ದಾಗಿ ನಿದ್ದೆ ಮಾಡಿ ಬಂದಿರ್ತೀವಿ. ಏನು ಉತ್ತರ ಕೊಡೋದು? ಅಮ್ಮನಿಗೆ "ಲೈಟು ಸರಿ ಇಲ್ಲಮ್ಮ" ಅಂತೀವಿ, ಸಹೋದ್ಯೋಗಿಗೆ "ಹೌದು, ಸ್ವಲ್ಪ" ಅಂತೀವಿ. ನಿಮಗೂ ಇದು ಆಗಿರುತ್ತೆ, ಆಗಿರಲೇಬೇಕು.

ನಾನು ತಿಪಟೂರಿನವಳು. ಮಾಸ್ಟರ್ಸ್ ಮಾಡೋಕೆ ಅಂತ ಜರ್ಮನಿಗೆ ಬಂದು, ಸ್ಟುಟ್‌ಗಾರ್ಟ್‌ನಲ್ಲಿ ಕೆಲಸ ಹಿಡಿದು ಹತ್ತು ವರ್ಷದ ಮೇಲಾಯ್ತು. ಹೊಟ್ಟೆಪಾಡು ಡೇಟಾ ಸೈನ್ಸ್. ಡಾಕ್ಟರ್ ಅಲ್ಲ, ಅದನ್ನ ಮೊದಲೇ ಹೇಳಿಬಿಡ್ತೀನಿ. ಆದ್ರೆ ಈ ಕಣ್ಣಿನ ಕೆಳಗಿನ ಕಪ್ಪು ನಮ್ಮನೇಲಿ ಒಂದು ಸಲ ಅಂದಚಂದದ ವಿಷಯವಾಗಿ ಉಳಿಯದೆ ದೃಷ್ಟಿಯ ವಿಷಯವೇ ಆಗಿಬಿಟ್ಟಿತ್ತು. ಅವತ್ತಿನಿಂದ ಇದರ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೀನಿ, ಸಿಕ್ಕ ಡಾಕ್ಟರುಗಳನ್ನೆಲ್ಲ ಕೇಳಿದ್ದೀನಿ. ಆ ಕಥೆಗೆ ಆಮೇಲೆ ಬರ್ತೀನಿ.

ಮೊದಲು ಸ್ವಲ್ಪ ಲೆಕ್ಕದ ಮಾತು. ನಿದ್ದೆಗೆಟ್ಟರೆ ಕಣ್ಣಿನ ಕೆಳಗೆ ಕಪ್ಪಾಗುತ್ತೆ ಅನ್ನೋದು ಸುಳ್ಳಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್‌ನಲ್ಲಿ ಪರೀಕ್ಷೆ ಮಾಡೇ ನೋಡಿದ್ದಾರೆ, 2013ರಲ್ಲಿ ಪ್ರಕಟವಾದ ಅಧ್ಯಯನ ಅದು. ಹತ್ತು ಜನರ ಫೋಟೋ ಎರಡೆರಡು ಸಲ ತೆಗೆದರು. ಚೆನ್ನಾಗಿ ಮಲಗಿ ಎದ್ದ ದಿನ ಒಮ್ಮೆ, 31 ಗಂಟೆ ಎಚ್ಚರ ಇದ್ದ ಮೇಲೆ ಇನ್ನೊಮ್ಮೆ. ನಲವತ್ತು ಜನ ಆ ಫೋಟೋಗಳನ್ನ ನೋಡಿ ಅಂಕ ಕೊಟ್ಟರು. ನಿದ್ದೆಗೆಟ್ಟ ಮುಖಗಳಲ್ಲಿ ರೆಪ್ಪೆ ಜೋತಿದೆ, ಕಣ್ಣು ಕೆಂಪಾಗಿದೆ, ಕೆಳಗಿನ ಕಪ್ಪು ಹೆಚ್ಚಾಗಿದೆ ಅಂತ ಕಂಡಿತು. ಸರಿ. ಆದರೆ ಇದನ್ನ ತಿರುಗಿಸಿ ಓದಿದರೆ ಲೆಕ್ಕ ತಪ್ಪುತ್ತೆ. ಮಳೆ ಬಂದರೆ ಅಂಗಳ ಒದ್ದೆಯಾಗುತ್ತೆ ನಿಜ. ಬೆಳಿಗ್ಗೆ ಎದ್ದಾಗ ಅಂಗಳ ಒದ್ದೆ ಇದೆ ಅಂದ ಮಾತ್ರಕ್ಕೆ ರಾತ್ರಿ ಮಳೆ ಬಂದಿತ್ತು ಅಂತಲ್ಲ, ಅಮ್ಮ ನೀರು ಹಾಕಿ ರಂಗೋಲಿ ಬಿಡೋಕೆ ಹೊರಟಿರಬಹುದು. ನಿದ್ದೆಗೆಟ್ಟವರ ಕಣ್ಣು ಕಪ್ಪಾಗುತ್ತೆ, ಕಣ್ಣು ಕಪ್ಪಾದವರೆಲ್ಲ ನಿದ್ದೆಗೆಟ್ಟವರಲ್ಲ. ಅದೂ ಅಲ್ಲದೆ ಆ ಹತ್ತು ಜನರಲ್ಲಿ ಪ್ರತಿಯೊಬ್ಬರನ್ನೂ ಅವರದೇ ಮುಖಕ್ಕೆ ಹೋಲಿಸಿದ್ದು. ನನ್ನ ಸಹೋದ್ಯೋಗಿ ನನ್ನ ಮುಖವನ್ನ ಹೋಲಿಸ್ತಾ ಇರೋದು ಪಕ್ಕದ ಡೆಸ್ಕಿನವನ ಮುಖಕ್ಕೆ.

ಡಾರ್ಕ್ ಸರ್ಕಲ್ ಅನ್ನೋದು ಒಂದು ಬಣ್ಣದ ಹೆಸರು, ರೋಗದ ಹೆಸರಲ್ಲ. ಜರ್ಮನ್ನರು ಇದನ್ನ "ಔಗನ್‌ರಿಂಗ" ಅಂತಾರೆ, ಕಣ್ಣಿನ ಉಂಗುರ. ನಾವು ಕಣ್ಣಿನ ಸುತ್ತ ಕಪ್ಪು ಅಂತೀವಿ. ಹೆಸರು ಏನೇ ಇರಲಿ, ಅದರ ಕೆಳಗೆ ಒಂದಕ್ಕೊಂದು ಸಂಬಂಧವೇ ಇಲ್ಲದ ಮೂರು ನಾಲ್ಕು ಸಂಗತಿಗಳು ಸೇರಿಕೊಂಡಿವೆ.

ಕಣ್ಣಿನ ರೆಪ್ಪೆಯ ಚರ್ಮ ಇಡೀ ದೇಹದಲ್ಲೇ ಅತಿ ತೆಳು. ಹೆಚ್ಚುಕಡಿಮೆ ಅರ್ಧ ಮಿಲಿಮೀಟರು. ಅದರ ಕೆಳಗೆ ಕೊಬ್ಬಿನ ಪದರ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ. ನೇರವಾಗಿ ಕಣ್ಣು ಮುಚ್ಚಿಸುವ ಸ್ನಾಯು, ಅದರ ತುಂಬ ರಕ್ತನಾಳ. ಹೀಗಾಗಿ ಇಲ್ಲಿ ಮೂರು ರೀತಿಯಲ್ಲಿ ಕಪ್ಪು ಕಾಣಬಹುದು. ಚರ್ಮದಲ್ಲೇ ಮೆಲನಿನ್ ಜಾಸ್ತಿ ಇರಬಹುದು, ಆಗ ಬಣ್ಣ ಕಂದು. ಚರ್ಮದ ಮೂಲಕ ಒಳಗಿನ ರಕ್ತ ಕಾಣ್ತಿರಬಹುದು, ಆಗ ನೀಲಿ, ನೇರಳೆ. ಇಲ್ಲವೇ ಅಲ್ಲಿ ಬಣ್ಣವೇ ಇರದೆ ಬರೀ ನೆರಳು ಇರಬಹುದು. ಮೂಗಿನ ಪಕ್ಕದಿಂದ ಕೆನ್ನೆಗೆ ಇಳಿಯುವ ಒಂದು ಕಾಲುವೆ ಇದೆ ನೋಡಿ, ವಯಸ್ಸಾದಂತೆ ಆಳ ಆಗುತ್ತೆ, ಕೆಲವರಿಗೆ ಹುಟ್ಟಿನಿಂದಲೇ ಆಳ. ಮೇಲಿಂದ ಬೆಳಕು ಬಿದ್ದರೆ ಅಲ್ಲಿ ನೆರಳು ಕೂರುತ್ತೆ.

ಕನ್ನಡಿ ಮುಂದೆ ನಿಂತು ನೀವೇ ಸುಮಾರಾಗಿ ಕಂಡುಹಿಡೀಬಹುದು. ಕೆಳರೆಪ್ಪೆಯ ಚರ್ಮವನ್ನ ಬೆರಳಿನಿಂದ ಮೆಲ್ಲಗೆ ಕೆಳಕ್ಕೆ ಎಳೆಯಿರಿ. ಬಣ್ಣ ಇದ್ದ ಹಾಗೇ ಇದ್ದರೆ ಅದು ಚರ್ಮದ್ದೇ ಬಣ್ಣ. ಎಳೆದಾಗ ನೇರಳೆ ಇನ್ನೂ ಎದ್ದು ಕಂಡರೆ ರಕ್ತನಾಳದ್ದು, ಚರ್ಮ ಇನ್ನಷ್ಟು ತೆಳುವಾಯ್ತಲ್ಲ. ಆಮೇಲೆ ಕಿಟಕಿಗೆ ಎದುರಾಗಿ, ಬೆಳಕು ನೇರ ಮುಖಕ್ಕೆ ಬೀಳುವಂತೆ ನಿಲ್ಲಿ. ಕಪ್ಪು ಅರ್ಧ ಮಾಯವಾದರೆ ಆ ಅರ್ಧ ನೆರಳು. ಇಲ್ಲಿ ವೀಸಾ ಕಾರ್ಡಿಗೆ ಬಯೋಮೆಟ್ರಿಕ್ ಫೋಟೋ ತೆಗೆಸಿಕೊಂಡಾಗ ನನಗೆ ಇದು ಗೊತ್ತಾಗಿದ್ದು. ಮುಖದ ಮೇಲೆ ನೆರಳು ಬೀಳಬಾರದು ಅಂತ ನಿಯಮ, ಅದಕ್ಕೆ ಮುಂದಿನಿಂದ ಬೆಳಕು ಹಾಕ್ತಾರೆ. ಎಲ್ಲರೂ ಕಳ್ಳರ ಹಾಗೆ ಕಾಣುವ ಆ ಫೋಟೋದಲ್ಲಿ ನಾನು ಮಾತ್ರ ಹತ್ತು ದಿನ ರಜೆ ಮುಗಿಸಿ ಬಂದವಳ ಹಾಗೆ ಇದ್ದೆ. ಆಫೀಸಿನ ತಾರಸಿಯ ದೀಪಗಳು ನೆತ್ತಿಯ ಮೇಲಿಂದ ಬೀಳುತ್ತವೆ, ಸೋಮವಾರದ ಪ್ರಶ್ನೆಗೆ ಅವೂ ಪಾಲುದಾರರು.

ಆದರೆ ಒಬ್ಬರ ಮುಖದಲ್ಲಿ ಒಂದೇ ಬಗೆ ಇರುತ್ತೆ ಅಂದುಕೊಳ್ಳಬೇಡಿ. ಬಹಳ ಸಲ ಎರಡು ಮೂರು ಸೇರಿರುತ್ತವೆ. ಯಾವುದು ಹೆಚ್ಚು ಅನ್ನೋದು ಎಲ್ಲಿ ಎಣಿಸಿದಿರಿ ಅನ್ನೋದರ ಮೇಲೂ ಹೋಗುತ್ತೆ. 2011ರಲ್ಲಿ ಸಿಂಗಪುರದಿಂದ 200 ಜನರ ಅಧ್ಯಯನ ಬಂತು, ಅದರಲ್ಲಿ ರಕ್ತನಾಳದ ಬಗೆಯೇ ಮೊದಲು, ಶೇಕಡಾ 42ರ ಹತ್ತಿರ. ಹುಟ್ಟಿನಿಂದ ಬಂದ ಕಂದು ಶೇಕಡಾ 39ರ ಹತ್ತಿರ. 2014ರಲ್ಲಿ ಗುಜರಾತಿನಲ್ಲಿ ಮತ್ತೆ 200 ಜನರನ್ನ ನೋಡಿದಾಗ ಹುಟ್ಟಿನಿಂದ ಬಂದದ್ದೇ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಎರಡೂ ಕಡೆ ಬಂದವರು ಚರ್ಮದ ಆಸ್ಪತ್ರೆಗೆ ಬಂದವರು, ಊರಿನ ಎಲ್ಲರೂ ಅಲ್ಲ ಅನ್ನೋದು ನೆನಪಿರಲಿ. ಆದರೂ ನಮ್ಮ ಕಡೆಯ ಚರ್ಮಕ್ಕೆ ಗುಜರಾತಿನ ಲೆಕ್ಕ ಹತ್ತಿರ ಅಂತ ನನ್ನ ಅಂದಾಜು.

ಹುಟ್ಟಿನಿಂದ ಬಂದದ್ದು ಅಂದರೆ ನಮ್ಮಜ್ಜಿ. ತಾಯಿಯ ತಾಯಿ. ಮನೆಯಲ್ಲಿ ಅಜ್ಜಿಯ ಒಂದೇ ಒಂದು ಕಪ್ಪು-ಬಿಳುಪು ಫೋಟೋ ಇದೆ, ಮದುವೆಯಾದ ಹೊಸದರಲ್ಲಿ ತಾತನ ಪಕ್ಕ ಕುರ್ಚಿ ಹಿಡಿದು ನಿಂತದ್ದು. ಆಗ ಅವಳಿಗೆ ಹದಿನೇಳೋ ಹದಿನೆಂಟೋ. ಕಣ್ಣಿನ ಕೆಳಗೆ ಮಾತ್ರ ಅಲ್ಲ, ಮೇಲಿನ ರೆಪ್ಪೆಯವರೆಗೆ, ಕನ್ನಡಕದ ಚೌಕಟ್ಟು ಬರೆದ ಹಾಗೆ ಕಂದು ಪಟ್ಟಿ. ನಾನು ನೋಡಿದ ಕಾಲಕ್ಕೆ ಅಜ್ಜಿ ಎಂಟೂವರೆಗೆಲ್ಲ ಮಲಗಿ ನಾಲ್ಕೂವರೆಗೆ ಏಳ್ತಿದ್ದಳು. ಮೊಬೈಲು ಮುಟ್ಟಿದವಳಲ್ಲ. ದಿನಾ ಎಳನೀರು, ಸೊಪ್ಪಿನ ಸಾರು. ಆ ಪಟ್ಟಿ ತೊಂಬತ್ತರ ಹತ್ತಿರದವರೆಗೂ ಅವಳ ಜೊತೆಗೇ ಇತ್ತು. ಅದೇ ಪಟ್ಟಿ ಅಮ್ಮನಿಗೆ ಅರ್ಧ ಬಂತು, ನನಗೆ ಪೂರ್ತಿ ಬಂತು, ತಂಗಿಗೂ ಬಂತು. ತಮ್ಮನಿಗೆ ಬರಲಿಲ್ಲ. ಆಸ್ತಿ ಹಂಚಿಕೆಯಲ್ಲಿ ನಮಗೆ ಅನ್ಯಾಯ ಆಗಿಲ್ಲ ಅಂತ ತಂಗಿ ನಗ್ತಾಳೆ.

ಇನ್ನು ರಕ್ತನಾಳದ ಬಗೆಗೆ ಬರೋಣ. ಜರ್ಮನಿಯಲ್ಲಿ ಇರುವವರು ಇದನ್ನ ಗಮನ ಕೊಟ್ಟು ಓದಿ. ನಾನು ಬಂದ ಮೊದಲ ಎರಡು ವಸಂತ ಹಾಯಾಗಿದ್ದೆ. ಮೂರನೇ ಏಪ್ರಿಲ್‌ನಲ್ಲಿ ಶುರುವಾಯ್ತು, ಸೀನು, ಮೂಗು ಕಟ್ಟೋದು, ಕಣ್ಣು ತುರಿಕೆ. ಬರ್ಚ್ ಮರದ ಪರಾಗ. ಅಲರ್ಜಿ ಹಾಗೇ, ಮೊದಲು ದೇಹಕ್ಕೆ ಅದರ ಪರಿಚಯ ಆಗಬೇಕು, ಆಮೇಲೆ ಜಗಳ. ಊರಿನ ಧೂಳಲ್ಲಿ ಬೆಳೆದವರಿಗೆ ಇಲ್ಲಿನ ಶುದ್ಧ ಗಾಳಿಯಲ್ಲಿ ಕಾಯಿಲೆ ಅಂದರೆ ಮನೆಯವರು ನಂಬಲಿಲ್ಲ. ಜೊತೆಗೆ ಹಸಿ ಸೇಬು ಕಚ್ಚಿದರೆ ಗಂಟಲು ಕೆರೆತ, ಬರ್ಚ್ ಪರಾಗದ ಒಂದು ಪ್ರೋಟೀನು ಸೇಬಿನದ್ದನ್ನ ಹೋಲುತ್ತೆ. ಬೇಯಿಸಿದ ಸೇಬು ಪರವಾಗಿಲ್ಲ. ಅದೇ ತಿಂಗಳು ಕಣ್ಣಿನ ಕೆಳಗೆ, ಅಜ್ಜಿಯ ಕಂದಿನ ಮೇಲೆ, ಯಾರೋ ಗುದ್ದಿದ ಹಾಗೆ ನೇರಳೆ ಬಣ್ಣ. ಇದಕ್ಕೆ ಡಾಕ್ಟರುಗಳ ಭಾಷೆಯಲ್ಲೇ ಅಲರ್ಜಿಕ್ ಶೈನರ್ಸ್ ಅಂತ ಹೆಸರಿದೆ, ಗುದ್ದು ತಿಂದ ಕಣ್ಣಿಗೆ ಇಂಗ್ಲಿಷಿನಲ್ಲಿ ಹೇಳುವ ಆಡುಮಾತಿನಿಂದ ಬಂದದ್ದು. ಮೂಗಿನ ಒಳಪದರ ಊದಿಕೊಂಡಾಗ ಕಣ್ಣಿನ ಕೆಳಗಿನ ಸಣ್ಣ ನಾಳಗಳಿಂದ ರಕ್ತ ಸಲೀಸಾಗಿ ಹಿಂದಕ್ಕೆ ಹೋಗದೆ ಅಲ್ಲೇ ನಿಲ್ಲುತ್ತೆ. ಕಪ್ಪು ಕಣ್ಣಿನ ಕೆಳಗೆ, ಕಾರಣ ಮೂಗಿನಲ್ಲಿ. ಕಣ್ಣಿನ ಕೆಳಗೆ ಏನು ಹಚ್ಚಿದರೂ ಆಗೋದೇನಿಲ್ಲ. ಮೂಗಿನ ಸ್ಪ್ರೇ ಶುರು ಮಾಡಿದ ಮೇಲೆ, ಅದಕ್ಕೆ ಕೆಲವು ದಿನ ಹಿಡಿಯುತ್ತೆ, ನೇರಳೆ ಇಳೀತು. ಕಣ್ಣು ಉಜ್ಜೋದನ್ನ ನಿಲ್ಲಿಸೋದು ಅಷ್ಟೇ ಮುಖ್ಯ. ನಮ್ಮ ಬಣ್ಣದ ಚರ್ಮ ಉಜ್ಜಿದಲ್ಲೆಲ್ಲ ಕಲೆ ಬರೆದಿಟ್ಟುಕೊಳ್ಳುತ್ತೆ, ಅಲರ್ಜಿ ಹೋದರೂ ಕಂದು ಉಳಿಯುತ್ತೆ.

ಮಾಸ್ಟರ್ಸ್ ಓದುವಾಗ ನನ್ನ ಜೊತೆ ಮನೆ ಹಂಚಿಕೊಂಡಿದ್ದವಳು ಹಾಸನದ ಕಡೆಯ ಹುಡುಗಿ. ಅವಳ ಕಣ್ಣು ನನಗಿಂತ ಕಪ್ಪು. ಎರಡು ಕೆಲಸ, ರಾತ್ರಿ ಓದು, ಆದ್ದರಿಂದ ನಿದ್ದೆ ಇಲ್ಲ ಅಂತ ನಾವೆಲ್ಲ ತೀರ್ಮಾನ ಮಾಡಿದ್ದೆವು. ಅವಳಿಗೆ ಒಂದು ಚಾಳಿ ಇತ್ತು. ರಾತ್ರಿ ಹನ್ನೊಂದಕ್ಕೆ ಅಡುಗೆಮನೆಯಲ್ಲಿ ಅಕ್ಕಿ ಡಬ್ಬದ ಮುಚ್ಚಳ ಟಕ್ ಅನ್ನೋದು. ಹಸಿ ಅಕ್ಕಿ ಬಾಯಿಗೆ ಹಾಕ್ಕೊಂಡು ಕಟಂ ಕಟಂ ಅಗೀತಿದ್ದಳು. ನಮ್ಮ ಊರುಗಳಲ್ಲಿ ಇದನ್ನ ನೋಡಿ, "ಅಕ್ಕಿ ತಿಂದ್ರೆ ಮದುವೇಲಿ ಮಳೆ ಬರುತ್ತೆ" ಅಂತ ಹೇಳಿ ಬಿಟ್ಟುಬಿಡ್ತಾರೆ. ಇಲ್ಲಿನ ಹೌಸ್‌ಆರ್ಟ್ಸ್ಟ್, ಅಂದರೆ ನಮ್ಮ ಫ್ಯಾಮಿಲಿ ಡಾಕ್ಟರ್ ಇದ್ದ ಹಾಗೆ, ಬೇರೆ ಯಾವುದಕ್ಕೋ ಹೋದಾಗ ಈ ಮಾತು ಕೇಳಿ ರಕ್ತ ಪರೀಕ್ಷೆ ಬರೆದುಕೊಟ್ಟರು. ಹಿಮೋಗ್ಲೋಬಿನ್ 8.6. ಫೆರಿಟಿನ್, ಅಂದರೆ ದೇಹದ ಕಬ್ಬಿಣದ ದಾಸ್ತಾನು, 5. ದಾಸ್ತಾನು ಅನ್ನೋಕೆ ಏನೂ ಇರಲಿಲ್ಲ. ಅಕ್ಕಿ, ಬಳಪ, ಮಣ್ಣು, ಐಸು ಇಂಥವುಗಳ ಮೇಲೆ ಆಸೆ ಹುಟ್ಟೋದು ಕಬ್ಬಿಣ ಕಮ್ಮಿಯಾದವರಲ್ಲಿ ಕಾಣುವ ಲಕ್ಷಣ. ರಕ್ತ ತೆಳುವಾದಾಗ ಚರ್ಮ ಬಿಳಿಚಿಕೊಳ್ಳುತ್ತೆ, ಕಣ್ಣಿನ ಕೆಳಗಿನದು ಇನ್ನೂ ಎದ್ದು ಕಾಣುತ್ತೆ. ಮುಟ್ಟಿನಲ್ಲಿ ವಿಪರೀತ ರಕ್ತ ಹೋಗ್ತಿತ್ತು, ಅದನ್ನ ಅವಳು ಯಾರಿಗೂ ಹೇಳಿರಲಿಲ್ಲ. ಕಬ್ಬಿಣದ ಮಾತ್ರೆ ಶುರುವಾದ ಕೆಲವೇ ವಾರಕ್ಕೆ ಅಕ್ಕಿ ಡಬ್ಬದ ಸದ್ದು ನಿಂತಿತು. ಮೆಟ್ಟಿಲು ಹತ್ತುವಾಗ ಏದುಸಿರು ನಿಂತಿತು. ಕಣ್ಣಿನ ಕಪ್ಪು ಸ್ವಲ್ಪ ತಿಳಿಯಾಯ್ತು, ಪೂರ್ತಿ ಹೋಗಲಿಲ್ಲ. ಅವಳಿಗೆ ಅದರ ಚಿಂತೆಯೂ ಇರಲಿಲ್ಲ ಆಗ.

ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019-21ರ ಲೆಕ್ಕದಲ್ಲಿ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡಾ 57 ಜನಕ್ಕೆ ರಕ್ತಹೀನತೆ. ಕರ್ನಾಟಕದಲ್ಲಿ ಅರ್ಧಕ್ಕೆ ಸ್ವಲ್ಪ ಕಮ್ಮಿ. ವಿಮಾನ ಹತ್ತಿದ ಕೂಡಲೇ ಅದು ಸರಿಹೋಗಲ್ಲ. ಮಾತ್ರೆಯ ಜೊತೆ ಕಾಫಿ ಟೀ ಕುಡಿದರೆ ಕಬ್ಬಿಣ ಸರಿಯಾಗಿ ಒಳಗೆ ಹೋಗಲ್ಲ, ಇದೊಂದು ಮಾತ್ರ ನೆನಪಿಟ್ಟುಕೊಳ್ಳಿ.

ಈಗ ಅಮ್ಮನ ಕಥೆ.

2021ರಲ್ಲಿ ಅಮ್ಮ ಓದುವ ಕನ್ನಡಕ ಬದಲಾಯಿಸೋಕೆ ಅಂತ ಹೋದಾಗ ಕಣ್ಣಿನ ಒತ್ತಡ ಜಾಸ್ತಿ ಇದೆ ಅಂತ ಗೊತ್ತಾಯ್ತು. ಒಂದು ಕಣ್ಣಲ್ಲಿ 28, ಇನ್ನೊಂದರಲ್ಲಿ 26. ಸಾಮಾನ್ಯವಾಗಿ 21ರ ಒಳಗಿರಬೇಕು ಅಂತಾರೆ. ಕಣ್ಣಿನ ನರಕ್ಕೂ ಸ್ವಲ್ಪ ಪೆಟ್ಟಾಗಿತ್ತು. ಗ್ಲಾಕೋಮಾ. ದಿನಾ ರಾತ್ರಿ ಒಂದೊಂದು ಹನಿ ಡ್ರಾಪ್ಸ್ ಹಾಕ್ಕೋಬೇಕು, ಜೀವನಪೂರ್ತಿ. ಅಮ್ಮ ತಪ್ಪದೆ ಹಾಕ್ಕೊಂಡಳು, ಒತ್ತಡ 17ಕ್ಕೆ ಇಳೀತು. ಎಲ್ಲರೂ ನಿರಾಳ.

ಏಳೆಂಟು ತಿಂಗಳಾದ ಮೇಲೆ ಯಾರದೋ ಗೃಹಪ್ರವೇಶ. ಅಲ್ಲಿ ಸಿಕ್ಕವರೆಲ್ಲ ಕೇಳಿದ್ದು ಒಂದೇ, "ಏನಕ್ಕಾ, ಹುಷಾರಿಲ್ವಾ? ಕಣ್ಣೆಲ್ಲ ಗುಳಿ ಬಿದ್ದು ಕಪ್ಪಾಗವೆ." ಅಪ್ಪ ತೀರಿಕೊಂಡು ಆಗಿನ್ನೂ ಎರಡು ವರ್ಷ ಆಗಿರಲಿಲ್ಲ. ಕೊರಗಿ ಕೊರಗಿ ಹೀಗಾಗಿದಾಳೆ ಅಂತ ಒಬ್ಬರು, ಸೊಸೆ ಸರಿಯಾಗಿ ನೋಡ್ಕೊಳ್ಳಲ್ಲ ಅಂತ ಇನ್ನೊಬ್ಬರು. ಅಮ್ಮ ಮನೆಗೆ ಬಂದು ಕನ್ನಡಿ ಮುಂದೆ ಕೂತಳು. ಬಾದಾಮಿ ಎಣ್ಣೆ, ಸೌತೆಕಾಯಿ, ಆಲೂಗಡ್ಡೆ ರಸ, ಎಲ್ಲ ಆಯ್ತು. ಆಮೇಲೆ ಮದುವೆ ಮುಂಜಿಗೆ ಹೋಗೋದನ್ನೇ ಬಿಟ್ಟಳು. ಮಂಡಿ ನೋವು ಅಂತ ನೆಪ.

ನನಗೆ ವಿಡಿಯೋದಲ್ಲಿ ಕಪ್ಪು ಕಂಡಿತ್ತು, ಆದರೆ ಅಮ್ಮನದ್ದೂ ಅಜ್ಜಿಯ ಪಾಲೇ ತಾನೆ. ಸುಳಿವು ಸಿಕ್ಕಿದ್ದು ಬೇರೆ ಮಾತಿನಲ್ಲಿ. ಒಂದು ದಿನ ಅಮ್ಮ, "ರೆಪ್ಪೆ ಕೂದಲು ಎಷ್ಟುದ್ದ ಆಗವೆ ಅಂದ್ರೆ ಕನ್ನಡಕದ ಗಾಜಿಗೆ ತಾಗ್ತವೆ ಕಣೆ" ಅಂದಳು. ಅರವತ್ತು ದಾಟಿದ ಮೇಲೆ ರೆಪ್ಪೆ ಕೂದಲು ಉದುರೋದು ಕೇಳಿದ್ದೀವಿ, ಬೆಳೆಯೋದು ಎಲ್ಲಿ? ತಂಗಿಗೆ ಹೇಳಿ ಡ್ರಾಪ್ಸ್ ಬಾಟಲಿಯ ಫೋಟೋ ತರಿಸಿದೆ. ಪ್ರೊಸ್ಟಗ್ಲಾಂಡಿನ್ ಗುಂಪಿನ ಔಷಧ. ಈ ಗುಂಪಿನ ಡ್ರಾಪ್ಸ್ ಕಣ್ಣಿನ ಒತ್ತಡ ಇಳಿಸೋದರಲ್ಲಿ ಬಹಳ ಒಳ್ಳೇವು, ದಿನಕ್ಕೆ ಒಂದೇ ಹನಿ ಸಾಕು, ಆದ್ದರಿಂದ ಡಾಕ್ಟರುಗಳು ಸಾಮಾನ್ಯವಾಗಿ ಮೊದಲು ಬರೆಯೋದೇ ಇದನ್ನ. ಜೊತೆಗೆ ಬರುವ ಅಡ್ಡಪರಿಣಾಮಗಳೂ ಚೆನ್ನಾಗಿ ಗೊತ್ತಿರುವವೇ. ರೆಪ್ಪೆ ಕೂದಲು ಉದ್ದ, ದಪ್ಪ, ಕಪ್ಪಾಗುತ್ತೆ. ರೆಪ್ಪೆಯ ಚರ್ಮ ಕಪ್ಪಾಗುತ್ತೆ. ಕಣ್ಣಿನ ಸುತ್ತಲಿನ ಕೊಬ್ಬು ಕರಗಿ ಗುಳಿ ಬೀಳುತ್ತೆ. ಕಂದು ಬೆರೆತ ನೀಲಿ, ಹಸಿರು ಕಣ್ಣಿನವರಿಗೆ ಪಾಪೆಯ ಬಣ್ಣವೇ ಕಂದಾಗಬಹುದು, ನಮ್ಮದು ಮೊದಲೇ ಕಂದು, ತಿಳಿಯಲ್ಲ. ಈ ಗುಂಪಿನ ಒಂದು ಔಷಧಕ್ಕೆ 2008ರಲ್ಲಿ ಅಮೆರಿಕದಲ್ಲಿ ರೆಪ್ಪೆ ಕೂದಲು ಬೆಳೆಸೋಕೆ ಅಂತಲೇ ಅನುಮತಿ ಸಿಕ್ಕಿತು. ಕೆಲವರು ದುಡ್ಡು ಕೊಟ್ಟು ತರಿಸಿಕೊಳ್ಳುವ ರೆಪ್ಪೆ ಅಮ್ಮನಿಗೆ ಬಿಟ್ಟಿ ಬಂದಿತ್ತು.

ಇದನ್ನ ಹೇಳೋಣ ಅಂತ ಫೋನ್ ಮಾಡುವ ಹೊತ್ತಿಗೆ ಅಲ್ಲಿ ಬೇರೆಯೇ ಆಗಿತ್ತು. ಡ್ರಾಪ್ಸ್ ಮೇಲೇ ಅಮ್ಮನಿಗೆ ತಾನಾಗೇ ಅನುಮಾನ ಬಂದು, ಹಾಕ್ಕೊಳ್ಳೋದನ್ನ ನಿಲ್ಲಿಸಿಬಿಟ್ಟಿದ್ದಳು. ಐದು ವಾರ. ಯಾರಿಗೂ ಹೇಳಿಲ್ಲ. ಬಾಟಲಿ ಖಾಲಿಯಾಗದೆ ಇರೋದನ್ನ ನೋಡಿ ತಂಗಿ ಕೇಳಿದಾಗ ಬಾಯಿಬಿಟ್ಟಳು. "ಕಣ್ಣು ಚೆನ್ನಾಗೇ ಕಾಣ್ತವೆ, ನೋವಿಲ್ಲ, ಏನಿಲ್ಲ, ಮತ್ಯಾಕೆ?"

ಗ್ಲಾಕೋಮಾದ ಮೋಸ ಇರೋದೇ ಇಲ್ಲಿ. ನೋವಿಲ್ಲ, ಉರಿಯಿಲ್ಲ. ನರ ಅಂಚಿನಿಂದ ಸಾಯುತ್ತಾ ಬರುತ್ತೆ, ಪಕ್ಕದ ನೋಟ ಮೊದಲು ಹೋಗುತ್ತೆ, ನಡುವಿನ ನೋಟ ಕೊನೆಯವರೆಗೂ ಚೆನ್ನಾಗಿರುತ್ತೆ. ಹೋದದ್ದು ಯಾವ ಆಪರೇಷನ್ನಿನಿಂದಲೂ ವಾಪಸ್ ಬರಲ್ಲ. ಪೊರೆಯ ಹಾಗಲ್ಲ ಇದು. ಆ ವಾರ ಪೂರ್ತಿ ನಾನು ಫೋನಿನಲ್ಲಿ ವಾದ ಮಾಡಿದೆ, ಗ್ರಾಫ್ ಕಳಿಸಿದೆ. ಗ್ರಾಫ್ ನೋಡಿ ಯಾವ ಅಮ್ಮ ಮನಸ್ಸು ಬದಲಾಯಿಸಿದ್ದಾಳೆ ಹೇಳಿ. ಕೊನೆಗೆ ತಂಗಿ ಎಳಕೊಂಡು ತುಮಕೂರಿಗೆ ಹೋದಳು. ಒತ್ತಡ 25. ಡಾಕ್ಟರು ಬಯ್ಯಲಿಲ್ಲ. ಒಂದೇ ಮಾತು ಹೇಳಿದರಂತೆ, "ಕಪ್ಪು ಬಂದದ್ದು ಹೋಗುತ್ತೆ ಅಮ್ಮಾ, ನೋಟ ಹೋದದ್ದು ಬರಲ್ಲ. ಆದ್ರೆ ಕಪ್ಪಾಯ್ತು ಅಂತ ಬಂದು ಹೇಳಿದ್ರೆ ನಾನು ಬೇರೆ ಕೊಡ್ತೀನಲ್ಲ." ಇಷ್ಟನ್ನ ಮೊದಲ ದಿನವೇ ಹೇಳಬಹುದಿತ್ತು ಅಂತ ನನಗೆ ಈಗಲೂ ಅನ್ನಿಸುತ್ತೆ. ಅಂದಚಂದದ ವಿಷಯ, ಅದರಲ್ಲೂ ವಯಸ್ಸಾದ ಹೆಂಗಸಿನದು, ಹೇಳುವಂಥದ್ದಲ್ಲ ಅಂತ ಎಲ್ಲರೂ ಅಂದುಕೊಂಡಿರ್ತಾರೆ. ನೂರು ಜನರ ಎದುರು "ಹುಷಾರಿಲ್ವಾ" ಅಂತ ಕೇಳಿಸಿಕೊಳ್ಳೋದು ಅವಳಲ್ವಾ? ಅದನ್ನ ಶೋಕಿ ಅನ್ನೋಕೆ ನಾನು ಒಪ್ಪಲ್ಲ.

ಅಮ್ಮನಿಗೆ ಉಬ್ಬಸ ಇದೆ. ಆದ್ದರಿಂದ ಟಿಮೊಲಾಲ್ ಗುಂಪಿನ ಡ್ರಾಪ್ಸ್ ಆಗಲ್ಲ, ಕಣ್ಣಿಗೆ ಹಾಕಿದ ಹನಿಯೂ ರಕ್ತಕ್ಕೆ ಸೇರಿ ಉಸಿರಾಟ ಕೆಡಿಸಬಹುದು. ಮೂರನೇ ಗುಂಪಿನದು ಕೊಟ್ಟರು. ಇದನ್ನ ದಿನಕ್ಕೆ ಎರಡು ಸಲ ಹಾಕ್ಕೋಬೇಕು, ಸ್ವಲ್ಪ ಉರಿಯುತ್ತೆ, ಬಾಯೆಲ್ಲ ಕಹಿ ಅಂತ ಅಮ್ಮನ ದೂರು. ಕಣ್ಣಿಗೆ ಹಾಕಿದ್ದು ಮೂಗಿನ ಕೊಳವೆಯಿಂದ ಗಂಟಲಿಗೆ ಇಳಿಯುತ್ತಲ್ಲ. ಹನಿ ಹಾಕಿ, ಕಣ್ಣು ಮುಚ್ಚಿ, ಮೂಗಿನ ಪಕ್ಕದ ಕಣ್ಣಿನ ಮೂಲೆಯನ್ನ ಬೆರಳಿಂದ ಒಂದೆರಡು ನಿಮಿಷ ಒತ್ತಿಕೊಂಡರೆ ಕಹಿ ಕಮ್ಮಿಯಾಗುತ್ತೆ, ಔಷಧವೂ ಕಣ್ಣಲ್ಲೇ ಉಳಿಯುತ್ತೆ. ಒತ್ತಡ 18ರಲ್ಲಿ ನಿಂತಿದೆ. ನಾಲ್ಕೈದು ತಿಂಗಳಲ್ಲಿ ಕಪ್ಪು ಬಹಳಷ್ಟು ಇಳೀತು, ಅಜ್ಜಿಯ ಪಾಲು ಉಳೀತು. ನಿಮ್ಮ ಮನೆಯಲ್ಲಿ ಯಾರಾದರೂ ಮೊದಲಿನ ಬಗೆಯ ಡ್ರಾಪ್ಸ್ ಹಾಕ್ತಿದ್ದರೆ, ಹನಿ ಹಾಕಿದ ಮೇಲೆ ಹೊರಗೆ ಚೆಲ್ಲಿದ್ದನ್ನ ಟಿಶ್ಯೂನಲ್ಲಿ ಒರೆಸಿಕೊಳ್ಳೋಕೆ ಹೇಳಿ. ತಾವಾಗೇ ನಿಲ್ಲಿಸಬೇಡಿ ಅಂತ ಎರಡು ಸಲ ಹೇಳಿ.

ಈಗ ಕ್ರೀಮುಗಳ ಮಾತು, ಬೇಗ ಮುಗಿಸ್ತೀನಿ. ಇಲ್ಲಿನ ಡ್ರೊಗೆರಿಗೆ ಹೋದರೆ ಐದು ಯೂರೋದಿಂದ ಐವತ್ತು ಯೂರೋವರೆಗೆ ಸಣ್ಣ ಟ್ಯೂಬುಗಳ ಸಾಲು. ನನ್ನ ಕೆಲಸದ ಕಣ್ಣಲ್ಲಿ ನೋಡಿದರೆ ಇಲ್ಲಿನ ಮೂಲ ತೊಂದರೆ ಸುಲಭ. ಕಂದಿನವರು, ನೇರಳೆಯವರು, ನೆರಳಿನವರು ಎಲ್ಲರನ್ನೂ ಒಟ್ಟಿಗೆ ಕೂರಿಸಿ ಒಂದೇ ಕ್ರೀಮು ಹಚ್ಚಿ ಸರಾಸರಿ ತೆಗೆದರೆ ಏನೂ ಸಿಗಲ್ಲ, ಸಿಕ್ಕರೂ ಯಾರಿಗೆ ಸಿಕ್ಕಿತು ಅಂತ ಗೊತ್ತಾಗಲ್ಲ. ಕೆಫೀನ್ ಇರುವ ಜೆಲ್ ನಾಳಗಳನ್ನ ಸ್ವಲ್ಪ ಹೊತ್ತು ಬಿಗಿಮಾಡುತ್ತೆ, ಬೆಳಗಿನ ಊತಕ್ಕೆ ಪರವಾಗಿಲ್ಲ, ಕಂದಿಗೆ ದಂಡ. ಸೌತೆಕಾಯಿ ಮಾಡೋದು ತಂಪಿನ ಕೆಲಸ, ತಣ್ಣನೆ ಚಮಚವೂ ಅದನ್ನೇ ಮಾಡುತ್ತೆ. ದಿಂಬು ಸ್ವಲ್ಪ ಎತ್ತರ ಇಟ್ಟರೆ ಊತ ಕಮ್ಮಿ. ಕಂದಿಗೆ ಮೊದಲನೆಯದು ಸನ್‌ಸ್ಕ್ರೀನು. ನಮ್ಮ ಚರ್ಮಕ್ಕೆ ಐರನ್ ಆಕ್ಸೈಡ್ ಇರುವ ಬಣ್ಣದ ಸನ್‌ಸ್ಕ್ರೀನು ಇನ್ನೂ ಒಳ್ಳೇದು, ಕಣ್ಣಿಗೆ ಕಾಣುವ ಬೆಳಕಿನಿಂದಲೂ ನಾವು ಕಪ್ಪಾಗ್ತೀವಿ. ವಿಟಮಿನ್ ಸಿ, ಅಜೆಲೇಕ್ ಆಮ್ಲ, ರೆಟಿನಾಯ್ಡ್ ಇವು ತಿಂಗಳುಗಟ್ಟಲೆ ತಾಳ್ಮೆ ಬೇಡುತ್ತವೆ, ಉರಿ ಎದ್ದರೆ ಆ ಉರಿಯೇ ಹೊಸ ಕಂದು ತರುತ್ತೆ. ಲೇಸರು ಮಾಡಿಸೋದಾದರೆ ಕಂದು ಚರ್ಮ ನೋಡಿ ಪಳಗಿದವರ ಹತ್ತಿರ ಮಾತ್ರ. ಇಲ್ಲಿ ಇದನ್ನ ನೇರವಾಗಿ ಕೇಳಿ, ನಾಚಿಕೊಳ್ಳಬೇಡಿ. ಕಾಲುವೆ ತುಂಬಿಸುವ ಫಿಲ್ಲರ್ ನೆರಳಿಗೆ ನಿಜವಾಗಲೂ ಕೆಲಸ ಮಾಡುತ್ತೆ. ಆದರೆ ಚರ್ಮದ ತೀರಾ ಮೇಲುಪದರಕ್ಕೆ ಹಾಕಿದರೆ ನೀಲಿಯಾಗಿ ಕಾಣುತ್ತೆ. ಬಹಳ ಅಪರೂಪಕ್ಕೆ ಅದು ರಕ್ತನಾಳದೊಳಗೆ ಹೋಗಿ ಕಣ್ಣೇ ಹೋದ ಪ್ರಕರಣಗಳೂ ಇವೆ. ಅಷ್ಟು ರಿಸ್ಕು ನನ್ನ ಲೆಕ್ಕದಲ್ಲಿ ಬೇಡ. ನಿಮ್ಮ ಲೆಕ್ಕ ನಿಮ್ಮದು.

ಒಂದು ಕ್ರೀಮಿನ ವಿಷಯ ಮಾತ್ರ ಬೇಗ ಮುಗಿಸೋಕಾಗಲ್ಲ. ಊರಿಂದ ಬರುವಾಗ ಸೂಟ್‌ಕೇಸಿನಲ್ಲಿ ಚಟ್ನಿಪುಡಿ, ಕೊಬ್ಬರಿ ಎಣ್ಣೆ ಜೊತೆ ಬರುವ ಆ ಸಣ್ಣ ಟ್ಯೂಬು. ಹೈಡ್ರೋಕ್ವಿನೋನ್, ಟ್ರೆಟಿನಾಯ್ನ್, ಸ್ಟೀರಾಯ್ಡ್, ಮೂರೂ ಒಂದರಲ್ಲೇ. ಬಂಗಿಗೆ ಅಂತ ಚರ್ಮದ ಡಾಕ್ಟರು ಕೆಲವು ವಾರಕ್ಕೆ ಬರೆಯುವ ಔಷಧ ಅದು. ನಮ್ಮಲ್ಲಿ ಎಷ್ಟೋ ಮೆಡಿಕಲ್ ಸ್ಟೋರ್‌ನಲ್ಲಿ ಚೀಟಿ ಇಲ್ಲದೆ ಸಿಗುತ್ತೆ. ಜರ್ಮನಿ ಸೇರಿದಂತೆ ಯುರೋಪಿನ ಒಕ್ಕೂಟದಲ್ಲಿ ಚರ್ಮ ತಿಳಿಯಾಗಿಸುವ ಕ್ರೀಮುಗಳಲ್ಲಿ ಹೈಡ್ರೋಕ್ವಿನೋನ್ ಹಾಕಿ ಅಂಗಡಿಯಲ್ಲಿ ಮಾರುವಂತಿಲ್ಲ. ಭಾರತದ ಚರ್ಮವೈದ್ಯರ ಸಂಘ ಈ ಸ್ಟೀರಾಯ್ಡ್ ಕ್ರೀಮುಗಳ ದುರ್ಬಳಕೆಯ ವಿರುದ್ಧ ವರ್ಷಗಳಿಂದ ಕೂಗ್ತಾ ಇದೆ. ಮೊದಲ ತಿಂಗಳು ಮುಖ ಹೊಳೆಯುತ್ತೆ. ಆಮೇಲೆ ಚರ್ಮ ತೆಳುವಾಗಿ ನಾಳಗಳು ಎದ್ದು ಕಾಣುತ್ತವೆ, ಅಂದರೆ ಕಂದಿನ ಸಮಸ್ಯೆಗೆ ನೇರಳೆ ಸಮಸ್ಯೆ ಸೇರಿಸಿಕೊಂಡ ಹಾಗೆ. ಕಣ್ಣಿನ ಹತ್ತಿರ ತಿಂಗಳುಗಟ್ಟಲೆ ಹಚ್ಚಿದರೆ ಸ್ಟೀರಾಯ್ಡು ಕಣ್ಣಿನ ಒತ್ತಡ ಏರಿಸಬಹುದು, ಪೊರೆಯೂ ಬರಬಹುದು. ಗ್ಲಾಕೋಮಾ ಇರುವವರ ಮಕ್ಕಳಲ್ಲಿ, ಒಡಹುಟ್ಟಿದವರಲ್ಲಿ ಹೀಗೆ ಒತ್ತಡ ಏರುವ ಸಂಭವ ಉಳಿದವರಿಗಿಂತ ಹೆಚ್ಚು.

ಹೋದ ವರ್ಷ ತಂಗಿ ಮೆಸೇಜ್ ಮಾಡಿದಳು. "ಅಕ್ಕಾ, ಹುಡುಗನ ಕಡೆಯವರು ಬರ್ತಿದ್ದಾರೆ, ಮೂರು ವಾರ ಇದೆ. ಅಲ್ಲಿಂದ ಕಣ್ಣಿಗೆ ಯಾವ್ದಾದ್ರೂ ಒಳ್ಳೆ ಕ್ರೀಮ್ ಕಳಿಸೋಕಾಗುತ್ತಾ?" ಈಗ ಏನು ಹಚ್ಕೋತಿದ್ದೀಯ ಅಂದೆ. ಫೋಟೋ ಕಳಿಸಿದಳು. ಅದೇ ಟ್ಯೂಬು. ಸ್ನೇಹಿತೆ ಹೇಳಿದ್ದಂತೆ, ನಾಲ್ಕು ತಿಂಗಳಿಂದ ರಾತ್ರಿ ಹೊತ್ತು ಕಣ್ಣಿನ ಸುತ್ತ. ಅಮ್ಮನ ಡ್ರಾಪ್ಸ್ ಬಾಟಲಿ ಕಾಯ್ದವಳು ಅವಳೇ.

ಆ ವಾರವೇ ಅಮ್ಮನ ಚೆಕಪ್ ಇತ್ತು. ತಂಗಿಗೂ ಒತ್ತಡ ನೋಡಿಸಿ ಅಂದೆ, ಈ ಸಲ ಗ್ರಾಫ್ ಕಳಿಸಲಿಲ್ಲ. 16 ಮತ್ತು 15, ನರವೂ ಸರಿಯಿದೆ. ವರ್ಷಕ್ಕೊಮ್ಮೆ ಬಂದು ತೋರಿಸ್ತಿರು ಅಂದರಂತೆ. ನಾನೂ ಇಲ್ಲಿ ತೋರಿಸಿಕೊಂಡೆ, ಸರಿಯಿದೆ. ಕ್ರೀಮನ್ನ ಹೇಗೆ ನಿಲ್ಲಿಸಬೇಕು ಅಂತ ಚರ್ಮದ ಡಾಕ್ಟರು ಹೇಳಿಕೊಟ್ಟರು, ಆದರೂ ಎರಡು ವಾರ ಕಣ್ಣಿನ ಸುತ್ತ ಕೆಂಪಾಗಿ ಉರೀತಿತ್ತು. ಹುಡುಗನ ಕಡೆಯವರು ಬರುವ ಹೊತ್ತಿಗೆ ಕೆಂಪು ಇಳಿದು ಅಜ್ಜಿಯ ಪಟ್ಟಿ ಮತ್ತೆ ಮೇಲೆ ಬಂತು. ಕಿತ್ತಳೆ ಛಾಯೆಯ ಕರೆಕ್ಟರ್ ಹಚ್ಚಿ ಅದರ ಮೇಲೆ ಕನ್ಸೀಲರ್ ಹಾಕ್ಕೋ, ಕಿಟಕಿಗೆ ಎದುರು ಕೂತ್ಕೋ ಅಂತ ಹೇಳಿದ್ದೆ. ಹಾಗೇ ಕೂತಳಂತೆ. ಹುಡುಗ ಕಿಟಕಿಗೆ ಬೆನ್ನು ಮಾಡಿ ಕೂತಿದ್ದನಂತೆ, ಅವನ ಕಣ್ಣಿನ ಕೆಳಗೂ ಕಪ್ಪು. ನೆರಳೋ ನಿಜವೋ ಗೊತ್ತಾಗಲಿಲ್ಲ ಅಂತ ತಂಗಿ ಅಂದಳು. ಬೆಳಕಿನಲ್ಲಿ ತೆಗೆದ ಫೋಟೋ ಒಂದು ತರಿಸು ಅಂದಿದ್ದೀನಿ.